ಜಿಗಿಗೆಂದು ಒಂದು ಬಟ್ಟಲು

ನನ್ನ ರೊಟ್ಟಿ ಹರಿಯುತ್ತಿರಲಿಲ್ಲ. ರಾಣೆಬೆನ್ನೂರಿನಲ್ಲಿ ನನ್ನ ಹೆಸರು ಗೊತ್ತಿಲ್ಲದವರಿಗೂ ಇದೊಂದು ಗೊತ್ತಿತ್ತು. ಎರಡು ಖಾನಾವಳಿಗಳಿಗೆ ದಿನಾ ನನ್ನ ಮನೆಯಿಂದಲೇ ರೊಟ್ಟಿ ಹೋಗುತ್ತಿತ್ತು. ಮದುವೆ, ಸೀಮಂತ, ತೊಟ್ಟಿಲು ಏನೇ ಇದ್ದರೂ ರೊಟ್ಟಿಗೆ ನನಗೇ ಹೇಳುತ್ತಿದ್ದರು. ಎಷ್ಟು ತೆಳ್ಳಗೆ ಬಡಿದರೂ ಅಂಚು ಸೀಳುತ್ತಿರಲಿಲ್ಲ. ಮಡಿಚಿ ಡಬ್ಬಿಗೆ ಹಾಕಿದರೆ ಸಂಜೆಯವರೆಗೂ ಮೆತ್ತಗೇ ಇರುತ್ತಿತ್ತು. ಗುಟ್ಟೇನು ಎಂದು ಯಾರಾದರೂ ಕೇಳಿದರೆ ನಾನು ಬರೀ ಎರಡೂ ಅಂಗೈ ಎತ್ತಿ ತೋರಿಸುತ್ತಿದ್ದೆ, ಎಲ್ಲ ಕೈಗುಣ ಎಂಬಂತೆ. ಆ ಬಿಂಕ ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ.

ಗುಟ್ಟು ಕೈಯಲ್ಲಿರಲಿಲ್ಲ, ಜೋಳದ ಡಬ್ಬಿಯಲ್ಲಿತ್ತು. ಜೋಳ ಹಳೆಯದಾದಂತೆ ಅದರ ಹಿಟ್ಟಿಗೆ ಜಿಗಿ ಕಡಿಮೆಯಾಗುತ್ತದೆ. ಎಷ್ಟೇ ಕುದಿಯುವ ಎಸರು ಹಾಕಿ ನಾದಿದರೂ ಹಿಟ್ಟು ಒಂದನ್ನೊಂದು ಹಿಡಿದುಕೊಳ್ಳುವುದಿಲ್ಲ, ಬಡಿಯುವಾಗ ಅಂಚು ಬಿರಿಯುತ್ತದೆ. ಕೆಲವರು ಜೋಳದ ಜೊತೆ ಉದ್ದಿನಬೇಳೆ ಹಾಕಿ ಬೀಸಿಸುತ್ತಾರೆ. ಮದುವೆಯಾದ ಹೊಸತರಲ್ಲಿ ನಾನು ಒಬ್ಬ ಹಿರಿಯ ಹೆಂಗಸಿನ ಕೈಕೆಳಗೆ ರೊಟ್ಟಿ ಬಡಿಯಲು ಹೋಗುತ್ತಿದ್ದೆ. ಆಕೆ ಹಾಕುತ್ತಿದ್ದದ್ದು ಗೋಧಿ. ಗಿರಣಿಗೆ ಒಯ್ಯುವ ಜೋಳದ ಡಬ್ಬಿಗೆ ಒಂದು ಬಟ್ಟಲು, ಅಷ್ಟೇ. ಬಣ್ಣ ಬದಲಾಗುವುದಿಲ್ಲ, ರುಚಿ ಬದಲಾಗುವುದಿಲ್ಲ, ತಿನ್ನುವವನಿಗೆ ಸುತರಾಂ ಗೊತ್ತಾಗುವುದಿಲ್ಲ. ಸ್ವಂತ ರೊಟ್ಟಿ ಶುರು ಮಾಡಿದ ಮೇಲೆ ನಾನೂ ಅದನ್ನೇ ಹಿಡಿದೆ. ವರ್ಷಗಟ್ಟಲೆ ಹಾಕಿದೆ. ಅದನ್ನು ಗೋಧಿ ಎಂದು ನಾನು ಎಣಿಸುತ್ತಲೇ ಇರಲಿಲ್ಲ. ಪಲ್ಯಕ್ಕೆ ಉಪ್ಪು ಹಾಕಿದವಳು ಉಪ್ಪಿನ ಪಲ್ಯ ಮಾಡಿದೆ ಎನ್ನುತ್ತಾಳೆಯೇ? ಹಾಗೆ, ನನ್ನದು ಜೋಳದ ರೊಟ್ಟಿ.

ನಮಗೆ ಒಬ್ಬಳೇ ಮಗಳು. ಮನೆಯವರು ಊರಿನ ಒಂದು ಬೀಜದ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ, ಮಾತು ಕಡಿಮೆ, ನನ್ನದು ಅವರ ಪಾಲಿನದೂ ಸೇರಿ ಹೆಚ್ಚು. ಮಗಳು ನಾಲ್ಕು ವರ್ಷದವಳಿದ್ದಾಗಿನಿಂದ ಹೊಟ್ಟೆ ಸರಿಯಿರಲಿಲ್ಲ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಉಬ್ಬಿದ್ದು. ವಾರಕ್ಕೆರಡು ಸಲ ಭೇದಿ. ಬಾಯಲ್ಲಿ ಹುಣ್ಣು. ಒಂಬತ್ತು ವರ್ಷವಾದರೂ ಸಾಲಿಯಲ್ಲಿ ಪ್ರಾರ್ಥನೆಗೆ ನಿಂತರೆ ಅವಳೇ ಸಾಲಿನ ಮೊದಲಿಗೆ; ಗಿಡ್ಡವರು ಮುಂದೆ ತಾನೇ. ಜಂತುವಿನ ಔಷಧ ಕುಡಿಸಿದೆವು. ದೃಷ್ಟಿ ತೆಗೆದೆವು. ಪಕ್ಕದ ಮನೆಯ ಖಾಲಾ ದರ್ಗಾದಿಂದ ತಾಯಿತ ತಂದು ತಾನೇ ಕಟ್ಟಿದಳು, ಅದು ಈಗಲೂ ಮಗಳ ಹಳೆಯ ಫ್ರಾಕಿನ ಜೊತೆ ಟ್ರಂಕಿನಲ್ಲಿದೆ.

ಮತ್ತೆ ನಾನು ಮಾಡಿದ ದೊಡ್ಡ ಆರೈಕೆ ಯಾವುದು ಗೊತ್ತೇ? ಹೊಟ್ಟೆ ಕೆಟ್ಟಾಗ ನಮ್ಮ ಕಡೆ ಮೊದಲು ರೊಟ್ಟಿ ಬಿಡಿಸುತ್ತಾರೆ. ರೊಟ್ಟಿ ಗಟ್ಟಿ, ಕರುಳಿಗೆ ಭಾರ. ಮೆತ್ತಗಿನದು ಕೊಡಬೇಕು. ಹಾಗಾಗಿ ರವೆ ಗಂಜಿ ಕಾಯಿಸಿ ಕೊಡುತ್ತಿದ್ದೆ. ಹಾಲಿನಲ್ಲಿ ಬ್ರೆಡ್ಡು ಅದ್ದಿ ಕೊಡುತ್ತಿದ್ದೆ. ಸ್ವಲ್ಪ ಸುಧಾರಿಸಿದರೆ ಶಾವಿಗೆ, ತುಪ್ಪ ಸವರಿದ ಚಪಾತಿ. ರೊಟ್ಟಿ ಮಾರುವವಳ ಮಗಳಿಗೆ ಚಪಾತಿ ತಿನ್ನಿಸುವುದೆಂದರೆ ನನಗೆ ಅದೇ ಪ್ರೀತಿ, ಅದೇ ದೊಡ್ಡಸ್ತಿಕೆ. ಅವಳು ಬೇಡ ಅನ್ನುತ್ತಿದ್ದಳು, ನಾನು ತೊಡೆಯ ಮೇಲೆ ಹಾಕಿಕೊಂಡು ಗಲ್ಲ ಹಿಡಿದು ಕುಡಿಸುತ್ತಿದ್ದೆ. ಕುಡಿಸಿದ ಮರುದಿನ ಇನ್ನಷ್ಟು ಕೆಡುತ್ತಿತ್ತು. ಕೆಟ್ಟಷ್ಟೂ ನಾನು ಗಂಜಿ ಹೆಚ್ಚು ಮಾಡುತ್ತಿದ್ದೆ.

ಕೊನೆಗೆ ಹಾವೇರಿಯಲ್ಲಿ ಮಕ್ಕಳ ಡಾಕ್ಟರೊಬ್ಬರು ಅವಳ ಉಗುರು, ಕಣ್ಣು, ಹೊಟ್ಟೆ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ದೊಡ್ಡ ಊರಿಗೆ ಕಳಿಸಿ ಬಾಯಿಂದ ಕೊಳವೆ ಇಳಿಸಿ ಕರುಳು ನೋಡಿಸಿದರು. ಬಂದ ಕಾಗದ ಓದಿ, ಈಕೆಗೆ ಗೋಧಿ ಆಗಿಬರುವುದಿಲ್ಲ ಎಂದರು. ಗೋಧಿಯಲ್ಲಿರುವ ಒಂದು ಅಂಶ ಈ ಹುಡುಗಿಯ ಕರುಳನ್ನು ಒಳಗಿಂದ ಸವೆಸುತ್ತಿದೆ, ಅದಕ್ಕೇ ತಿಂದದ್ದು ಮೈಗೆ ಹತ್ತುತ್ತಿಲ್ಲ. ಔಷಧ ಇಲ್ಲ, ಬಿಡುವುದೇ ಔಷಧ. ರವೆ, ಮೈದಾ, ಶಾವಿಗೆ, ಬ್ರೆಡ್ಡು, ಬಿಸ್ಕೀಟು, ಯಾವುದೂ ಕೂಡದು. ಚೂರೂ ಕೂಡದು. ಉಗುರಿನ ತುದಿಗೆ ಹತ್ತಿದಷ್ಟಾದರೂ ಕರುಳಿಗೆ ಗೊತ್ತಾಗುತ್ತದೆ ಎಂದು ತಮ್ಮ ಕಿರುಬೆರಳಿನ ಉಗುರು ತೋರಿಸಿದರು.

ನನಗೆ ರವೆ ಗಂಜಿ ನೆನಪಾಗಿ ಅಲ್ಲೇ ಅಳು ಬಂತು. ಡಾಕ್ಟರು ಒಳ್ಳೆಯವರು, ಸಮಾಧಾನ ಮಾಡಿದರು.

"ಯಾಕ ಅಳ್ತೀರವ್ವ? ನಿಮ್ಮದು ಪುಣ್ಯಾ ಐತಿ, ರೊಟ್ಟಿ ಉಣ್ಣೂ ಸೀಮ್ಯಾಗ ಹುಟ್ಟ್ಯಾಳ. ಜೋಳ ಈಕಿಗೆ ಏನೂ ಮಾಡಂಗಿಲ್ಲ. ದಿನಾ ರೊಟ್ಟಿ ಕೊಡ್ರಿ."

ನಾನು ಕಣ್ಣೊರೆಸಿಕೊಂಡು, ನನ್ನ ಕೆಲಸವೇ ರೊಟ್ಟಿ ಬಡಿಯುವುದು ಎಂದೆ. ಅವರು ನಕ್ಕು, ಹಾಗಾದರೆ ಮದ್ದು ಮನೆಯಲ್ಲೇ ಇದೆ ಎಂದರು. ಬರುವಾಗ ಬಸ್ಸಿನಲ್ಲಿ ಯಾರೋ ಗುರುತಿಲ್ಲದ ಹೆಂಗಸಿಗೂ ಈ ಮಾತು ಹೇಳಿದೆ.

ಡಾಕ್ಟರು ಮಗಳಿಗೆ ಒಂದು ಕೆಲಸ ಹಚ್ಚಿದ್ದರು: ಒಂದು ವಹಿಯಲ್ಲಿ ದಿನಾ ತಿಂದದ್ದನ್ನೆಲ್ಲ ಬರೆಯಬೇಕು, ಪಕ್ಕದಲ್ಲಿ ಹೊಟ್ಟೆ ಹೇಗಿತ್ತು ಎಂದು ಬರೆಯಬೇಕು. ಅವಳು ಕೆಂಪು ಪೆನ್ನಿನಿಂದ ಗೆರೆ ಎಳೆದು ಅಂದೇ ಶುರು ಮಾಡಿದಳು.

ನಾನೂ ಶುರು ಮಾಡಿದೆ. ಮನೆಯಲ್ಲಿದ್ದ ರವೆ, ಮೈದಾ, ಶಾವಿಗೆ ಎಲ್ಲ ಕಟ್ಟಿ ಖಾಲಾಗೆ ಕೊಟ್ಟೆ. ಚಪಾತಿಯ ಮಣೆ, ಲಟ್ಟಣಿಗೆ ಅಟ್ಟಕ್ಕೆ ಹೋದವು. ಅವಳಿಗೆಂದು ಬೇರೆ ಹಂಚು, ಬೇರೆ ತಾಟು. ಅಂಗಡಿಯ ಇಂಗಿಗೂ ಮೈದಾ ಬೆರೆಸುತ್ತಾರೆಂದು ಯಾರೋ ಹೇಳಿದರು, ಇಂಗಿನ ಡಬ್ಬಿ ಹೊರಗೆಸೆದೆ. ಸಾಲಿಗೆ ಹೋಗಿ ಟೀಚರಿಗೆ ಹೇಳಿ ಬಂದೆ. ನೆಂಟರ ಮನೆಯ ಹೋಳಿಗೆ ಊಟದಲ್ಲಿ ಅವಳ ತಾಟಿಗೆ ಒಂದು ತುಂಡು ಹಾಕಲು ಬಂದ ಮುದುಕಿಯ ಕೈ ಹಿಡಿದು ಎಲ್ಲರೆದುರು ಜಗಳ ತೆಗೆದೆ. ಇಷ್ಟೆಲ್ಲ ಮಾಡಿದೆ ನೋಡಿ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದೆ. ಬಟ್ಟಲು ಮಾತ್ರ ಬಿಡಲಿಲ್ಲ.

ಮರೆತಿದ್ದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ರೂಢಿ, ಕೈ ತಾನಾಗಿ ಹಾಕುತ್ತದೆ, ತಲೆಗೆ ಗೊತ್ತಾಗುವುದಿಲ್ಲ ಎಂದು. ಇಲ್ಲಿ ಬರೆಯಲು ಕೂತ ಮೇಲೆ ಇದ್ದದ್ದು ಇದ್ದಂತೆ ಬರೆಯಬೇಕು. ಹಾವೇರಿಯಿಂದ ಬಂದ ಎರಡನೆಯ ವಾರ, ಗಿರಣಿಗೆ ಹೊರಡುವ ಮುಂಚೆ, ಗೋಧಿಯ ಚೀಲದೊಳಗೆ ಬಟ್ಟಲು ಇಳಿಸಿದಾಗ ನನ್ನ ಕೈ ನಿಂತಿತು. ಖರೇ ನಿಂತಿತು. ಡಾಕ್ಟರ ಕಿರುಬೆರಳು ಕಣ್ಣ ಮುಂದೆ ಬಂತು. ಮಗಳು ಅಲ್ಲೇ ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ನಿಂತಿದ್ದಳು. ಗಿರಣಿಗೆ ನನ್ನ ಜೊತೆ ಬರುವುದೆಂದರೆ ಅವಳಿಗೆ ಇಷ್ಟ. ಆ ಗಳಿಗೆಯಲ್ಲಿ ನಾನು ಅಂದುಕೊಂಡದ್ದು ಹೀಗೆ: ಇಷ್ಟು ದೊಡ್ಡ ಡಬ್ಬಿಗೆ ಇದೊಂದು ಬಟ್ಟಲು ಯಾವ ಲೆಕ್ಕ. ಇದು ಗೋಧಿಯಲ್ಲ, ಜಿಗಿ. ನಾಡಿದ್ದು ಮದುವೆ ಮನೆಗೆ ಐನೂರು ರೊಟ್ಟಿ ಕೊಡಬೇಕು, ಅಂಚು ಸೀಳಿದರೆ ನನ್ನ ಮರ್ಯಾದೆ ಏನಾಗಬೇಕು. ಅವಳಿಗೆಂದು ಬೇರೆ ಜೋಳ ಬೀಸಿಸಲು ಏನು ಅಡ್ಡಿಯಿತ್ತು? ಏನೂ ಇರಲಿಲ್ಲ. ಬೇರೆ ಬೀಸಿಸಿದರೆ ನನ್ನ ಹಿಟ್ಟಿನಲ್ಲಿ ಏನೋ ಇದೆ ಎಂದು ನಾನೇ ಒಪ್ಪಿದಂತೆ ಆಗುತ್ತಿತ್ತು. ಬಟ್ಟಲು ತುಂಬಿದೆ, ಸುರಿದೆ, ಕೈಯಾಡಿಸಿ ಮುಚ್ಚಳ ಹಾಕಿದೆ. ಮುಂದಿನ ವಾರದಿಂದ ಕೈ ನಿಲ್ಲಲಿಲ್ಲ.

ಎರಡು ತಿಂಗಳಾದರೂ ಹುಡುಗಿ ಚೇತರಿಸಿಕೊಳ್ಳಲಿಲ್ಲ. ಮೊದಲಿನಷ್ಟು ಭೇದಿ ಇಲ್ಲ, ಆದರೆ ಹೊಟ್ಟೆನೋವು ಹೋಗಲಿಲ್ಲ, ಹುಣ್ಣು ಹೋಗಲಿಲ್ಲ, ತೂಕ ಏರಲಿಲ್ಲ. ಹಾವೇರಿಗೆ ಮತ್ತೆ ಹೋದೆವು. ಡಾಕ್ಟರು ರಕ್ತದ ಕಾಗದ ನೋಡಿ ಹುಬ್ಬು ಗಂಟಿಕ್ಕಿದರು. ಎಲ್ಲಿಂದಲೋ ಗೋಧಿ ಹೊಟ್ಟೆಗೆ ಹೋಗುತ್ತಿದೆ, ಮಕ್ಕಳು ಹೊರಗೆ ಕದ್ದು ತಿನ್ನುವುದುಂಟು, ಸ್ವಲ್ಪ ಗಮನಿಸಿ ಎಂದರು.

ಆ ಮಾತು ನನಗೆ ಸಾಕಾಯಿತು. ಡಾಕ್ಟರೇ ಹೇಳಿದ ಮೇಲೆ ಇನ್ನೇನು! ಅಂದಿನಿಂದ ನಾನು ಅವಳ ತಾಯಿಯಾಗಿ ಉಳಿಯಲಿಲ್ಲ, ಪೊಲೀಸಾದೆ. ಸಾಲಿಯಿಂದ ಬಂದ ಕೂಡಲೇ ಪಾಟಿಚೀಲ ತಡಕುತ್ತಿದ್ದೆ. ಬಾಯಿ ತೆರೆಸಿ ಮೂಸುತ್ತಿದ್ದೆ. ಕಿಸೆಯ ಹೊಲಿಗೆಯಲ್ಲಿ ಬಿಸ್ಕೀಟಿನ ಪುಡಿ ಇದೆಯೇ ಎಂದು ಬೆರಳಾಡಿಸುತ್ತಿದ್ದೆ. ರಾತ್ರಿ ವಹಿ ತೆಗೆದು, ಇದು ಬರೆದೆ, ಇದನ್ನು ಬಿಟ್ಟು ಮತ್ತೇನು ತಿಂದೆ ಎಂದು ಕೂರಿಸಿ ಕೇಳುತ್ತಿದ್ದೆ. ಅವಳದು ಒಂದೇ ಉತ್ತರ, ತಿಂದಿಲ್ಲವ್ವ. ಮನೆಯವರು ಒಮ್ಮೆ, ಬಿಡು, ಹುಡುಗಿ ಸುಳ್ಳು ಹೇಳುವವಳಲ್ಲ ಎಂದದ್ದಕ್ಕೆ, ನೀವೇ ತಲೆಯ ಮೇಲೆ ಕೂರಿಸಿಕೊಂಡು ಕೆಡಿಸಿದ್ದು ಎಂದು ಅವರ ಮೇಲೂ ಹರಿಹಾಯ್ದೆ.

ದಸರಾ ರಜೆಗೆ ಅವಳನ್ನು ಬ್ಯಾಡಗಿಗೆ ಕಳಿಸಿದೆ, ನನ್ನ ತವರಿಗೆ. ನನ್ನ ಅವ್ವ, ಅವಳಿಗೆ ಆಯಿ, ಒಬ್ಬಳೇ ಗಟ್ಟಿಮುಟ್ಟಾಗಿ ಓಡಾಡಿಕೊಂಡು ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸಕ್ಕೂ ಹೋಗುತ್ತಾಳೆ. ಮನೆಯ ಬೀಸುಕಲ್ಲಿನಲ್ಲೇ ಜೋಳ ಬೀಸಿ ಬಡಿಯುವ ಅವಳ ರೊಟ್ಟಿ ದಪ್ಪ, ಅಂಚೆಲ್ಲ ಬಿರುಕು. ಅದನ್ನು ನೋಡಿ ನಾನು ಯಾವಾಗಲೂ ಆಡಿಕೊಳ್ಳುತ್ತಿದ್ದೆ. ಇಪ್ಪತ್ತು ದಿನದ ನಂತರ ಮಗಳನ್ನು ಕರೆತರಲು ಹೋದರೆ ಬಾಗಿಲಿಗೆ ಓಡಿ ಬಂದವಳ ಗುರುತೇ ಸಿಗಲಿಲ್ಲ. ಹೊಟ್ಟೆ ಇಳಿದಿತ್ತು. ಕೆನ್ನೆ ಮೂಡಿತ್ತು. ಬಾಯಿ ತೆರೆಸಿ ನೋಡಿದೆ, ಹುಣ್ಣಿಲ್ಲ. ಓಣಿಯ ಹುಡುಗಿಯರ ಜೊತೆ ಕುಂಟಬಿಲ್ಲೆ ಆಡಿದೆ, ದಿನಕ್ಕೆ ಮೂರು ಸಲ ಉಂಡೆ ಎಂದು ಒಂದೇ ಉಸಿರಿನಲ್ಲಿ ಹೇಳಿದಳು.

ಖುಷಿಯಾಯಿತು. ಅದರ ಹಿಂದೆಯೇ ಹೊಟ್ಟೆಕಿಚ್ಚೂ ಆಯಿತು, ಮುಚ್ಚಿಡುವುದೇನು. ನಾನು ಜೀವ ತೇದು ಮಾಡಿದ್ದು ಆಗಲಿಲ್ಲ, ಆಯಿಯ ದಪ್ಪ ರೊಟ್ಟಿಯಿಂದ ಆಯಿತೇ? ಬೇರೆ ಯಾರಾದರೂ ಆಗಿದ್ದರೆ ಆಯಿಯ ಮನೆಯಲ್ಲಿ ಏನು ಬೇರೆ ಎಂದು ಕೇಳುತ್ತಿದ್ದರು. ನಾನು ಕೇಳಲಿಲ್ಲ. ನನ್ನ ತಲೆಗೆ ಹೊಳೆದದ್ದೇ ಬೇರೆ: ಇಲ್ಲಿ ಆಯಿ ಇಡೀ ದಿನ ಕಣ್ಣಿಟ್ಟಿದ್ದಳು, ಕದಿಯಲು ಆಗಲಿಲ್ಲ, ಅದಕ್ಕೇ ಆರಾಮಾದಳು. ಅಂದರೆ ರಾಣೆಬೆನ್ನೂರಿನಲ್ಲಿ ಕದಿಯುತ್ತಿರುವುದು ಖರೇ.

ಬಂದ ವಾರಕ್ಕೆ ಹೊಟ್ಟೆನೋವು ಮತ್ತೆ ಶುರುವಾಯಿತು. ನನ್ನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿರುತ್ತದೆ. ಅದೇ ವಾರ ಹಿಂದಿನ ಓಣಿಯ ಹುಡುಗಿಯ ಹುಟ್ಟುಹಬ್ಬ. ಹೋಗಿ ಬಾ, ಏನೂ ಮುಟ್ಟಬೇಡ ಎಂದು ಹೇಳಿ ಕಳಿಸಿ, ಅರ್ಧ ಗಂಟೆಗೆ ನಾನೇ ಓಣಿಯ ತಿರುವಿಗೆ ಹೋಗಿ ನಿಂತೆ. ಅವಳು ಬರುತ್ತಿದ್ದಳು. ಕೈಯಲ್ಲಿ ಪೇಪರಿನ ಪೊಟ್ಟಣ. ನನ್ನನ್ನು ನೋಡಿ ಅದನ್ನು ಹಿಂದೆ ಮಾಡಿದಳು. ಕಿತ್ತುಕೊಂಡು ಬಿಚ್ಚಿದೆ. ಕೇಕು, ಒಂದು ಮೂಲೆ ಚಪ್ಪಟೆಯಾಗಿತ್ತು. ಏನು ಎತ್ತ ಕೇಳಲಿಲ್ಲ, ನಡು ಓಣಿಯಲ್ಲಿ ಕೆನ್ನೆಗೆ ಬಾರಿಸಿದೆ. ಬೆರಳು ಮೂಡುವ ಹಾಗೆ.

ಅವಳು ಅಳಲಿಲ್ಲ. ಕೆನ್ನೆಯ ಮೇಲೆ ಕೈ ಇಟ್ಟುಕೊಂಡು, "ಅಪ್ಪಗ ತಂದಿದ್ದೆ. ನಾ ತಿಂದಿಲ್ಲ," ಎಂದಳು.

ಸುಳ್ಳು ಬೇರೆ ಹೇಳುತ್ತೀಯಾ ಎಂದು ಇನ್ನೊಂದು ಎತ್ತಿದ್ದೆ, ಖಾಲಾ ಬಂದು ಕೈ ಹಿಡಿದಳು. ಆ ಕೇಕನ್ನು ಗಟಾರಕ್ಕೆ ಎಸೆದೆ. ಅಂದು ರಾತ್ರಿ ಮಗಳಿಗೆ ಬಿಸಿ ರೊಟ್ಟಿ ಬಡಿದು, ತುಪ್ಪ ಹಚ್ಚಿ, ಸಿಟ್ಟು ಇಳಿದಿದೆ ಎಂದು ತೋರಿಸಲು ನಾನೇ ತುತ್ತು ಮಾಡಿ ಉಣಿಸಿದೆ. ಎರಡು ರೊಟ್ಟಿ ಉಂಡಳು. ಹೊಡೆದದ್ದಕ್ಕಿಂತ ಆ ಎರಡು ರೊಟ್ಟಿಯೇ ನನಗೆ ಹೆಚ್ಚು ನೆನಪಾಗುತ್ತವೆ.

ದೀಪಾವಳಿ ಮುಗಿದ ಮೇಲೆ ಮೂರನೆಯ ಸಲ ಹಾವೇರಿಗೆ ಹೋದೆವು, ನಾನು ಮತ್ತು ಅವಳು. ಡಾಕ್ಟರು ಈ ಸಲ ಕಾಗದ ಬದಿಗಿಟ್ಟು ಅವಳ ವಹಿ ಕೇಳಿದರು. ಮೊದಲಿನಿಂದ ಪುಟ ಮಗುಚುತ್ತಾ ಹೋದರು. ನಾನೂ ಬಗ್ಗಿ ನೋಡಿದೆ. ಇಷ್ಟು ದಿನ ಅದನ್ನು ನಾನು ಕಳ್ಳತನ ಹುಡುಕಲು ಓದಿದ್ದೆ, ಹಾಗಾಗಿ ಇದ್ದದ್ದು ಕಂಡಿರಲಿಲ್ಲ. ಅವ್ವನ ರೊಟ್ಟಿ ಎರಡು, ಹೊಟ್ಟೆ ನೋವು. ಅವ್ವನ ರೊಟ್ಟಿ ಒಂದೂವರೆ, ಹುಣ್ಣು. ಬ್ಯಾಡಗಿಯ ಪುಟಗಳಲ್ಲಿ ಆಯಿ ರೊಟ್ಟಿ ಮೂರು, ಆರಾಮ. ಆಯಿ ರೊಟ್ಟಿ ಮೂರು, ಆರಾಮ. ಆಮೇಲೆ ಮತ್ತೆ ಅವ್ವನ ರೊಟ್ಟಿ. ಒಂದು ಪುಟದಲ್ಲಿ ಕೇಕು ಎಂದು ಬರೆದು, ಮುಂದೆ ತಿಂದಿಲ್ಲ ಎಂದು ಬರೆದು, ಅದರ ಕೆಳಗೆ ಕೆಂಪು ಪೆನ್ನಿನಿಂದ ಎರಡು ಗೆರೆ ಎಳೆದಿದ್ದಳು.

ಡಾಕ್ಟರು ವಹಿ ಮುಚ್ಚಲಿಲ್ಲ. ತೆರೆದ ಪುಟದ ಮೇಲೆ ಅಂಗೈ ಇಟ್ಟು ನನ್ನ ಕಡೆ ನೋಡಿದರು.

"ನಿಮ್ಮ ರೊಟ್ಟಿ ಹಿಟ್ಟಿಗೆ ಜೋಳ ಬಿಟ್ಟು ಮತ್ತೇನರೆ ಸೇರಸ್ತೀರೇನ್ರಿ?"

ಈಗ ಹೇಳಬಹುದಿತ್ತು. ಕೇಳಿದವರು ಬೈಯುವ ಮನುಷ್ಯರಲ್ಲ. ಆದರೆ ನನ್ನ ಬಾಯಿಂದ ಬಂದದ್ದು, "ಇಲ್ರಿ ಸಾಹೇಬ್ರ, ಅಪ್ಪಟ ಜೋಳ." ಖಾನಾವಳಿಯವರಿಗೆ ಹೇಳಿ ಹೇಳಿ ರೂಢಿಯಾದ ಮಾತು, ಅದೇ ದನಿಯಲ್ಲಿ ಬಂತು.

ಮಗಳು ತಲೆ ಎತ್ತಿ ನನ್ನ ಮುಖ ನೋಡಿದಳು. ಒಂದೇ ಸಲ. ಆಮೇಲೆ ತನ್ನ ಚಪ್ಪಲಿ ನೋಡುತ್ತಾ ಕೂತಳು. ಡಾಕ್ಟರು ಏನನ್ನೋ ಬರೆದು, ಗಿರಣಿ ಬದಲಿಸಿ ನೋಡಿ, ಒಂದು ತಿಂಗಳು ಬಿಟ್ಟು ಬನ್ನಿ ಎಂದರು. ನಾವು ಎದ್ದು ಬಂದೆವು.

ರಾಣೆಬೆನ್ನೂರಿನ ಬಸ್ಸಿನಲ್ಲಿ ಅವಳು ಕಿಟಕಿಗೆ, ನಾನು ಪಕ್ಕಕ್ಕೆ. ಅವಳ ಆ ಒಂದು ನೋಟ ನನ್ನ ಎದೆಯಲ್ಲಿ ಕೂತುಬಿಟ್ಟಿತ್ತು. ನನಗೆ ಏನು ಗೊತ್ತೋ ಅದು ಅವಳಿಗೂ ಗೊತ್ತೇ? ಗಿರಣಿಗೆ ಹೊರಡುವಾಗಲೆಲ್ಲ ಬಾಗಿಲಲ್ಲಿ ನಿಂತಿರುತ್ತಿದ್ದಳಲ್ಲ. ಡಬ್ಬಿಯ ಇನ್ನೊಂದು ಹಿಡಿಕೆ ಹಿಡಿದು ಬರುತ್ತಿದ್ದಳಲ್ಲ. ಮೋಟೆಬೆನ್ನೂರು ಇನ್ನೂ ಬಂದಿರಲಿಲ್ಲ, ತಡೆಯಲಾರದೆ ಕೇಳಿದೆ, ಡಬ್ಬಿಗೆ ನಾನು ಗೋಧಿ ಹಾಕುವುದನ್ನು ನೀನು ನೋಡಿದ್ದೀಯಾ ಎಂದು.

ಅವಳು ಕಿಟಕಿಯಿಂದ ಮುಖ ತಿರುಗಿಸದೆ ಹೂಂ ಎಂದಳು. ಪ್ರತಿ ಸಲ ನೋಡಿದ್ದೇನೆ ಎಂದಳು.

"ಮತ್ತ ಯಾಕ ಹೇಳ್ಲಿಲ್ಲ ನೀನು?"

"ನೀ ಹಾಕಾಕತ್ತಿದ್ದೆಲ್ಲವ್ವ. ನೀ ಹಾಕಿದ್ದು ಅಂದ ಮ್ಯಾಲ ಅದು ನನಗ ಆಗೂದ ಇರಬೇಕು ಅನ್ಕೊಂಡಿದ್ದೆ."

ಆಮೇಲೆ ನನ್ನ ಕಡೆ ತಿರುಗಿದಳು. "ಇವತ್ತ ನೀ ಇಲ್ಲ ಅಂದಿ. ಆಗ ಗೊತ್ತಾತು, ಅದು ಆಗಂಗಿಲ್ಲ ಅಂತ ನಿನಗೂ ಗೊತ್ತೈತಿ."

ಹತ್ತು ತುಂಬದ ಹುಡುಗಿ. ಬೈದಿದ್ದರೆ, ಅತ್ತಿದ್ದರೆ, ನನ್ನನ್ನು ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದೆ. ಅವಳು ಬರೀ ಇದ್ದದ್ದನ್ನು ಹೇಳಿದ್ದಳು, ವಹಿಯಲ್ಲಿ ಬರೆಯುವ ಹಾಗೆ.

ಮೋಟೆಬೆನ್ನೂರಿನಲ್ಲಿ ಬಸ್ಸು ನಿಂತಾಗ ಅವಳ ಕೈ ಹಿಡಿದು ಇಳಿದೆ. ಕಂಡಕ್ಟರು ನಿಮ್ಮ ಟಿಕೀಟು ರಾಣೆಬೆನ್ನೂರಿಗೆ ಇದೆಯಲ್ಲ ಎಂದ. ರಸ್ತೆ ದಾಟಿ, ಹಾವೇರಿ ಕಡೆಯ ಬಸ್ಸು ಹಿಡಿದು ತಿರುಗಿ ಹೋದೆವು. ನಾವು ಮುಟ್ಟುವ ಹೊತ್ತಿಗೆ ಡಾಕ್ಟರು ಊಟಕ್ಕೆ ಎದ್ದಿದ್ದರು, ಬಾಗಿಲಲ್ಲೇ ಸಿಕ್ಕರು. ಕೂತುಕೊಳ್ಳಲೂ ಇಲ್ಲ, ನಿಂತೇ ಹೇಳಿದೆ. ಮಗಳನ್ನು ಮುಂದೆ ನಿಲ್ಲಿಸಿಕೊಂಡು, ಅವಳ ಎರಡೂ ಭುಜ ಹಿಡಿದುಕೊಂಡು ಹೇಳಿದೆ.

"ಆಗ ಸುಳ್ಳು ಹೇಳೇನ್ರಿ. ಒಂದು ಬಟ್ಟಲಾ ಗೋಧಿ ಹಾಕ್ತೇನ್ರಿ. ಈಕಿ ಏನೂ ಕದ್ದು ತಿಂದಿಲ್ರಿ."

ಅವರು ಬೈಯಲಿಲ್ಲ. ಬಗ್ಗಿ ಮಗಳ ಕೆನ್ನೆ ತಟ್ಟಿ, ನಿನ್ನ ವಹಿ ಖರೇ ಹೇಳಿತು ನೋಡು ಎಂದರು. ಅದೇ ಕೆನ್ನೆ. ಅವರಿಗೆ ಗೊತ್ತಿರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ, ನಮ್ಮ ಕಡೆಯ ತಾಯಂದಿರು ಮಕ್ಕಳಿಗೆ ಹೇಳದ ಮಾತನ್ನು ಹೇಳಿದೆ, ತಪ್ಪಾಯಿತು ಎಂದು. ಅವಳು ನನಗೆ ಹಸಿವಾಗಿದೆ ಎಂದಳು. ಬಾಳೆಹಣ್ಣು, ಹುರಿದ ಶೇಂಗಾ ಕೊಡಿಸಿದೆ. ಎಂಟು ಬಾಳೆಹಣ್ಣಿನಲ್ಲಿ ಐದು ತಿಂದಳು. ಮನೆಗೆ ಬಂದು ಮನೆಯವರಿಗೆ ಎಲ್ಲ ಹೇಳಿದಾಗ ಅವರು ಕೇಳಿ ಮುಗಿಸಿ, "ಓಣ್ಯಾಗ ನಿಲ್ಲಿಸಿ ಹೊಡದಿ," ಎಂದರು. ಅಷ್ಟೇ. ಇಂದಿಗೂ ಆ ವಿಷಯ ಮತ್ತೆ ಎತ್ತಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು, ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ.

ಇದೆಲ್ಲ ಆಗಿ ಈಗ ನಾಲ್ಕು ವರ್ಷ. ಮರುದಿನವೇ ಇದ್ದ ಹಿಟ್ಟನ್ನೆಲ್ಲ ದನದ ಕಲಗಚ್ಚಿನ ಬಾನಿಗೆ ಹಾಕಿದೆ. ಬೇರೆಯವರ ಗೋಧಿ ಬೀಳುವ ಗಿರಣಿಯ ಸಹವಾಸವೇ ಬೇಡವೆಂದು ಮನೆಯಲ್ಲೇ ಬೀಸುವ ಸಣ್ಣ ಯಂತ್ರ ತಂದೆವು. ಬರೀ ಜೋಳ. ಮೊದಲ ದಿನದ ರೊಟ್ಟಿ ನೋಡಬೇಕಿತ್ತು ನೀವು, ಭೂಪಟದ ಹಾಗೆ ಅಂಚು. ಅವ್ವನ ರೊಟ್ಟಿಯನ್ನು ಆಡಿಕೊಂಡವಳು ನಾನು. ಒಂದು ಖಾನಾವಳಿಯವರು ಇದು ನಿಮ್ಮ ರೊಟ್ಟಿಯೇ ಅಲ್ಲ ಎಂದು ಬಿಟ್ಟರು. ಇನ್ನೊಬ್ಬರಿಗೆ ನಾನೇ ಹೋಗಿ, ಇಷ್ಟು ದಿನ ಗೋಧಿ ಹಾಕುತ್ತಿದ್ದೆ, ಇನ್ನು ಹಾಕುವುದಿಲ್ಲ ಎಂದು ಹೇಳಿದೆ. ಆ ಪುಣ್ಯಾತ್ಮ ನಕ್ಕು, ಒಂದು ಬಟ್ಟಲು ಗೋಧಿಯಿಂದ ಯಾರಿಗೆ ಏನಾಗುತ್ತದೆ ತಾಯಿ ಎಂದ. ಅವನಿಗೆ ಏನು ಹೇಳಲಿ, ನಾನೂ ಅದನ್ನೇ ಅಂದುಕೊಂಡವಳು.

ಮಗಳು ಈಗ ಹದಿಮೂರು ದಾಟಿದಳು. ನನ್ನ ಭುಜ ಮೀರಿದ್ದಾಳೆ. ಪ್ರಾರ್ಥನೆಯ ಸಾಲಿನಲ್ಲಿ ನಡುವಿಗೆ ನಿಲ್ಲುತ್ತಾಳಂತೆ. ನನ್ನ ಜೊತೆ ನಗುತ್ತಾಳೆ, ಜಗಳವಾಡುತ್ತಾಳೆ, ನನ್ನ ಬಾಯಿಯೂ ಅವಳಿಗೆ ಬಂದಿದೆ. ಹೊಟ್ಟೆ ಆರಾಮ. ವಹಿ ಬರೆಯುವುದು ಬಿಟ್ಟು ಮೂರು ವರ್ಷವಾಯಿತು.

ಒಂದು ಮಾತ್ರ ಉಳಿದಿದೆ. ಬಿಸಿ ರೊಟ್ಟಿ ತಾಟಿಗೆ ಹಾಕಿದ ಕೂಡಲೇ ಅವಳು ಪಲ್ಯ ಮುಟ್ಟುವುದಿಲ್ಲ. ಮೊದಲು ರೊಟ್ಟಿಯ ಅಂಚು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಜಗ್ಗುತ್ತಾಳೆ. ಗೋಧಿ ಇದ್ದರೆ ಅದು ಸ್ವಲ್ಪ ಎಳೆದು ಆಮೇಲೆ ಹರಿಯುತ್ತದೆ, ಬರೀ ಜೋಳವಾದರೆ ಮುಟ್ಟಿದ ಕೂಡಲೇ ಮುರಿಯುತ್ತದೆ. ಇದನ್ನು ಅವಳಿಗೆ ಬ್ಯಾಡಗಿಯ ಆಯಿ ಕಲಿಸಿದಳು, ಯಾರೂ ಕೇಳದೆ. ಉದ್ದಿನಬೇಳೆ ಹಾಕು, ರೊಟ್ಟಿ ಮೊದಲಿನಂತೆ ಬರುತ್ತದೆ ಎಂದು ಎಷ್ಟೋ ಜನ ನನಗೆ ಹೇಳಿದ್ದಾರೆ. ನನಗೂ ಗೊತ್ತು. ಹಾಕುವುದಿಲ್ಲ. ಹಾಕಿದರೆ ಉದ್ದಿನ ಜಿಗಿಗೂ ರೊಟ್ಟಿ ಎಳೆಯುತ್ತದೆ, ಅವಳಿಗೆ ಜಗ್ಗಿ ನೋಡಿ ಗೊತ್ತು ಮಾಡಿಕೊಳ್ಳಲು ಆಗುವುದಿಲ್ಲ. ಅವಳು ಜಗ್ಗುವಾಗ ನಾನು ಹಂಚಿನ ಕಡೆ ಮುಖ ಮಾಡಿ ಮುಂದಿನ ರೊಟ್ಟಿ ತಿರುವುತ್ತಿರುತ್ತೇನೆ, ನೋಡದವಳ ಹಾಗೆ. ಅದು ಮುರಿದ ಸಪ್ಪಳ ಕೇಳುವವರೆಗೆ ನನಗೆ ಉಸಿರು ಬಿಡಲು ಆಗುವುದಿಲ್ಲ. ಆಮೇಲೆ ಅವಳು ಉಣ್ಣುತ್ತಾಳೆ.